ಹಲಸಿನ ಮರದಲ್ಲಿ ಮೂಡಿದ ಮುಖಗಳು: ವಿಯೆಟ್ನಾಂ ಶಿಲ್ಪ ಪರಂಪರೆಯ ಸಮೀಕ್ಷೆ

ವಿಯೆಟ್ನಾಮಿನ ಶಿಲ್ಪಕಲೆಯ ಮಾತು ಬಂದರೆ ನಮ್ಮಲ್ಲಿ ಅದು ನೇರ ಚಂಪಾ ರಾಜ್ಯಕ್ಕೆ ಹೋಗಿ ನಿಲ್ಲುತ್ತದೆ. ಸಮುದ್ರದಾಚೆ ಶಿವಲಿಂಗವಿದೆ, ಗಣಪತಿಯಿದ್ದಾನೆ, ಸಂಸ್ಕೃತ ಶಾಸನವಿದೆ ಎಂದು ಹಿಗ್ಗುತ್ತೇವೆ. ಕುತೂಹಲ ಅಲ್ಲಿಗೇ ಮುಗಿಯುತ್ತದೆ. ಫ್ರೆಂಚರ ಆಳ್ವಿಕೆಯ ಕಾಲದ ಹಲವು ವಿದ್ವಾಂಸರ ಲೆಕ್ಕವೂ ಹೆಚ್ಚುಕಡಿಮೆ ಇದೇ ಆಗಿತ್ತು: ಉತ್ತರದ ಕಲೆಯೆಲ್ಲ ಚೀನಾದ ಖಾತೆಗೆ, ಮಧ್ಯಭಾಗದ್ದು ಮತ್ತು ದಕ್ಷಿಣದ್ದು ಭಾರತದ ಖಾತೆಗೆ. ಹಾಗಾದರೆ ಆ ನೆಲದ ಕೈಗಳು ಮಾಡಿದ್ದಾದರೂ ಏನು? ಹೊರಗಿನಿಂದ ಬಂದದ್ದನ್ನು ಅಲ್ಲಿನ ಶಿಲ್ಪಿಗಳು ದೂರ ತಳ್ಳಲಿಲ್ಲ, ನಿಜ. ಆದರೆ ಬಂದ ದೇವರಿಗೆಲ್ಲ ತಮ್ಮ ಊರಿನ ಮುಖ ಕೊಟ್ಟರು. ಈ ಪರಂಪರೆಯ ಅತ್ಯುತ್ತಮ ಕೆಲಸವನ್ನು ಹುಡುಕುವವರು ರಾಜರ ಗೋಪುರಗಳನ್ನು ದಾಟಿ, ಹಳ್ಳಿಯ ಬಡಗಿಗಳು ಕೆತ್ತಿದ ತೊಲೆಗಳವರೆಗೆ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಥೆ ಕಂಚಿನಿಂದ ಶುರುವಾಗುತ್ತದೆ. ಉತ್ತರದ ಕೆಂಪು ನದಿ ಮತ್ತು ಮಾ ನದಿಯ ಬಯಲುಗಳಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆ ಬಾಳಿದ ದೋಂಗ್ ಸೋನ್ ಜನ ದೊಡ್ಡ ದೊಡ್ಡ ಕಂಚಿನ ಭೇರಿಗಳನ್ನು ಎರಕ ಹೊಯ್ದರು. 1893ರಲ್ಲಿ ಮಣ್ಣಿನಡಿ ಸಿಕ್ಕ ನ್ಗೊಕ್ ಲು ಭೇರಿ ಇವುಗಳಲ್ಲೆಲ್ಲ ಹೆಸರಾದದ್ದು. ಅದರ ಮೇಲ್ಮೈಯ ನಡುವೆ ನಕ್ಷತ್ರ. ಸುತ್ತ ಸುತ್ತಾಗಿ ಹಕ್ಕಿಗಳು, ಜಿಂಕೆಗಳು, ಗರಿಯ ಕಿರೀಟ ತೊಟ್ಟು ಕುಣಿಯುವವರು, ಒರಳಿನಲ್ಲಿ ಭತ್ತ ಕುಟ್ಟುವ ಜೋಡಿ. ಪಕ್ಕದ ಮೈಮೇಲೆ ಯೋಧರಿರುವ ದೋಣಿಗಳು. ಅದೇ ಸಂಸ್ಕೃತಿಯ ದಾವ್ ಥಿನ್ ಕಂಚಿನ ಹಂಡೆಯ ಮುಚ್ಚಳದ ಮೇಲೆ ನಾಲ್ಕು ಮಿಥುನ ಜೋಡಿಗಳಿವೆ. ಬೆಳೆ, ಸಂತಾನ, ನೀರು ಇವೇ ಅಲ್ಲಿನ ವಿಷಯ. ಚೀನಾದ ಹಾನ್ ಸೇನೆ ಬರುವ ಮೊದಲೇ, ಬೌದ್ಧ ಭಿಕ್ಷುಗಳು ಹಡಗಿನಿಂದ ಇಳಿಯುವ ಮೊದಲೇ, ಬೆವರುವ ದೇಹವನ್ನೂ ಹಬ್ಬದ ದೇಹವನ್ನೂ ಚಿತ್ರಿಸುವ ಚಾಳಿ ಆ ನೆಲಕ್ಕೆ ಹತ್ತಿತ್ತು. ಇದನ್ನು ನೆನಪಿನಲ್ಲಿಟ್ಟುಕೊಂಡರೆ, ಒಂದೂವರೆ ಸಾವಿರ ವರ್ಷ ಕಳೆದ ಮೇಲೆ ಅದೇ ಬಯಲಿನ ಊರಮನೆಗಳಲ್ಲಿ ಕಾಣುವ ಕೆತ್ತನೆ ಅಚ್ಚರಿ ಹುಟ್ಟಿಸುವುದಿಲ್ಲ.

ದಕ್ಷಿಣದ ಮೆಕಾಂಗ್ ಮುಖಜಭೂಮಿಯದು ಬೇರೆಯೇ ಲೋಕ. 1944ರಲ್ಲಿ ಲೂಯಿ ಮಾಲ್ಲರೆ ಅಗೆದು ತೋರಿಸಿದ ಓಕ್ ಎಯೊ ಬಂದರು ನಗರದಲ್ಲಿ ರೋಮನ್ ನಾಣ್ಯವೂ ಸಿಕ್ಕಿತು, ಸಂಸ್ಕೃತದಲ್ಲಿ ಹೆಸರು ಕೊರೆದ ಮುದ್ರೆಗಳೂ ಸಿಕ್ಕವು. ಆ ಪ್ರದೇಶದ ಎತ್ತರದ ಕಿರೀಟದ ವಿಷ್ಣುಗಳು ಎಲ್ಲರ ಕಣ್ಣಿಗೆ ಬೀಳುತ್ತವೆ. ನನಗೆ ಅವುಗಳಿಗಿಂತ ಮಿಗಿಲಾಗಿ ತೋರುವುದು ಕೆಸರಿನಲ್ಲಿ ಹೂತು ಉಳಿದ ಮರದ ಬುದ್ಧರು. ಗಾಳಿಯಾಡದ ಜವುಗುಮಣ್ಣು ಅವರನ್ನು ಸಾವಿರದೈನೂರು ವರ್ಷ ಕಾಪಾಡಿತು. ಮೈಯ ವಿವರವೆಲ್ಲ ಸವೆದು, ನಿಂತ ಭಂಗಿಯೊಂದೇ ಉಳಿದಿದೆ. ಸೊಂಟದ ಸಣ್ಣ ಬಾಗು ಮಾತ್ರ ಇನ್ನೂ ಸ್ಪಷ್ಟ. ಅವುಗಳಿಗೆ ಬಳಸಿದ ಮರಗಳಲ್ಲಿ ಒಂದು, ನಮ್ಮ ಕರಾವಳಿಯವರು ಬಲ್ಲ ಸುರಹೊನ್ನೆ.

ಇನ್ನು ಮಧ್ಯಭಾಗದ ಚಾಮ್ ಜನರ ರಾಜ್ಯ, ಚಂಪಾ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮವರ ತಪ್ಪು ತಿಳಿವಳಿಕೆ ಹೆಚ್ಚಿರುವುದು ಇಲ್ಲೇ. 4ನೇ ಶತಮಾನದ ಕೊನೆಯ ಹೊತ್ತಿಗೆ ಭದ್ರವರ್ಮನೆಂಬ ಅರಸ ಮಿ ಸೋನ್ ಕಣಿವೆಯಲ್ಲಿ ಭದ್ರೇಶ್ವರನನ್ನು ಸ್ಥಾಪಿಸಿದ. ಅಲ್ಲಿಂದ ಸುಮಾರು 13ನೇ ಶತಮಾನದವರೆಗೆ ಆ ಕಣಿವೆಯಲ್ಲಿ ಇಟ್ಟಿಗೆಯ ಗುಡಿಗಳು ಏಳುತ್ತಲೇ ಹೋದವು. ಹತ್ತಿರದ ತ್ರಾ ಕಿಯೇವ್‌ನಲ್ಲಿ ಸಿಕ್ಕಿದ 7ನೇ ಶತಮಾನದ ಶಾಸನವೊಂದು ವಾಲ್ಮೀಕಿಗೆ ಸಲ್ಲಿಸಿದ ಪೂಜಾಸ್ಥಾನದ ಮಾತಾಡುತ್ತದೆ. ಇಷ್ಟೆಲ್ಲ ಓದಿದಾಗ 'ಇದು ನಮ್ಮದೇ' ಅನ್ನಿಸುವುದು ಸಹಜ. ಆದರೆ ದಾ ನಾಂಗ್‌ನ ಚಾಮ್ ಶಿಲ್ಪ ಸಂಗ್ರಹಾಲಯದಲ್ಲಿರುವ ಮಿ ಸೋನ್ ಇ-1 ಗುಡಿಯ ಪೀಠವನ್ನು ನೋಡಿ. ಮೇಲೆ ಲಿಂಗವಿದ್ದ ಮರಳುಗಲ್ಲಿನ ಕಟ್ಟೆ ಅದು. ಅದರ ಸುತ್ತ ಕೆತ್ತಿರುವುದು ಪುರಾಣದ ಯುದ್ಧವಲ್ಲ, ಋಷಿಗಳ ದಿನಚರಿ. ಒಬ್ಬ ಕೊಳಲೂದುತ್ತಾನೆ, ಒಬ್ಬ ಪಾಠ ಹೇಳುತ್ತಾನೆ, ಒಬ್ಬ ಮಲಗಿ ಇನ್ನೊಬ್ಬನಿಂದ ಮೈ ನೀವಿಸಿಕೊಳ್ಳುತ್ತಿದ್ದಾನೆ. ಮೆಟ್ಟಿಲ ಬಳಿ ಸೆರಗು ಹಿಡಿದು ಕುಣಿಯುವವರಿದ್ದಾರೆ. ಲಿಂಗದ ಪೀಠವನ್ನೇ ಆಶ್ರಮದ ಬದುಕಿನ ಚಿತ್ರವಾಗಿಸಿದ ಈ ಧೈರ್ಯ ಚಾಮ್ ಶಿಲ್ಪಿಯದು. ಅದನ್ನು ಅವನು ಯಾವ ಶಿಲ್ಪಶಾಸ್ತ್ರದಿಂದಲೂ ಕಡ ತಂದದ್ದಲ್ಲ.

ಮುಂದೆ 875ರಲ್ಲಿ ಎರಡನೆಯ ಇಂದ್ರವರ್ಮ ದೋಂಗ್ ದುವಾಂಗ್‌ನಲ್ಲಿ ಲಕ್ಷ್ಮೀಂದ್ರ ಲೋಕೇಶ್ವರನ ಹೆಸರಿನಲ್ಲಿ ಬೌದ್ಧ ವಿಹಾರ ಕಟ್ಟಿಸಿದಾಗ, ಶಿಲ್ಪದ ಮುಖವೇ ಬದಲಾಯಿತು. ಕೂಡಿದ ಹುಬ್ಬು, ಅಗಲ ಮೂಗು, ದಪ್ಪ ತುಟಿ, ಅದರ ಮೇಲೆ ದಟ್ಟ ಮೀಸೆ. ಅಲ್ಲಿನ ದ್ವಾರಪಾಲಕರು ಆಳೆತ್ತರಕ್ಕೂ ಮೀರಿ ನಿಂತು ಗದರುತ್ತಾರೆ. ಅದೇ ಊರಿನ ಜನರಿಗೆ 1978ರಲ್ಲಿ ಸಿಕ್ಕ, ಬೌದ್ಧ ದೇವತೆ ತಾರೆಯ ಕಂಚಿನ ಮೂರ್ತಿ ಒಂದು ಮೀಟರಿಗಿಂತ ತುಸು ಎತ್ತರ. ಅವಳ ಮುಂದೆ ನಿಂತವರಿಗೆ ಸೌಮ್ಯ ಬೋಧಿಸತ್ವೆಯ ನೆನಪಾಗುವುದಿಲ್ಲ. ಎದೆ ತುಂಬಿದ, ನೆಟ್ಟನೆ ನೋಡುವ, ಯಾರಿಗೂ ಜಗ್ಗದ ಹೆಣ್ಣು ಅವಳು. ಇದೇ ಜಾಗದಲ್ಲಿ 1911ರಲ್ಲಿ ಸಿಕ್ಕ ಕಂಚಿನ ಬುದ್ಧನ ಶೈಲಿಯನ್ನು ವಿದ್ವಾಂಸರು ಅಮರಾವತಿಗೂ ಸಿಂಹಳಕ್ಕೂ ಜೋಡಿಸುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಹೊರಗಿನಿಂದ ಬಂದದ್ದು ಯಾವುದು, ಅಲ್ಲೇ ಹುಟ್ಟಿದ್ದು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. 10ನೇ ಶತಮಾನದ ತ್ರಾ ಕಿಯೇವ್ ನರ್ತಕಿಯರಲ್ಲಿ ಆ ಗಡಸುತನ ಕರಗಿ ಲಾಲಿತ್ಯ ಬಂತು. 12, 13ನೇ ಶತಮಾನಗಳ ಥಾಪ್ ಮಾಮ್ ಶೈಲಿಯಲ್ಲಿ ಗಜಸಿಂಹ, ಮಕರ, ಪೀಠದ ಸುತ್ತ ಸಾಲು ಮೊಲೆಗಳ ಅಲಂಕಾರ ಬಂದವು. ಆ ಕಾಲದ ಕೆಲಸ ಭವ್ಯ, ಆದರೆ ಅಲಂಕಾರ ಹೆಚ್ಚಿದಷ್ಟೂ ಜೀವ ತೆಳುವಾಯಿತು ಎನ್ನದೆ ವಿಧಿಯಿಲ್ಲ.

1471ರಲ್ಲಿ ಚಂಪಾದ ರಾಜಧಾನಿ ವಿಜಯ, ಉತ್ತರದ ವಿಯೆತ್ ರಾಜ್ಯ ದಾಯ್ ವಿಯೆತ್‌ನ ಸೇನೆಗೆ ಬಿದ್ದಿತು. ಚಾಮರು ಅಲ್ಲಿಗೆ ಅಳಿದುಹೋದರು ಎಂದು ಬರೆಯುವ ಲೇಖಕರಿದ್ದಾರೆ. ಹಾಗಾಗಲಿಲ್ಲ. ಇಂದಿಗೂ ಫಾನ್ ರಾಂಗ್ ಬಳಿಯ ಪೊ ಕ್ಲಾಂಗ್ ಗರಾಯ್ ಗುಡಿಯಲ್ಲಿ ಕಾತೆ ಹಬ್ಬದಂದು ಚಾಮ್ ಪುರೋಹಿತರು ಅರಸನ ಮುಖವಿರುವ ಲಿಂಗಕ್ಕೆ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ ಪೂಜಿಸುತ್ತಾರೆ. ಆ ಬಟ್ಟೆಯನ್ನು ಬೆಟ್ಟದ ರಗ್ಲಾಯ್ ಜನ ಜೋಪಾನ ಮಾಡಿ ತರುವುದು ವಾಡಿಕೆ. ನ್ಯಾ ಚಾಂಗ್‌ನ ಪೊ ನಗರ್ ಗುಡಿಯ ಹತ್ತು ಕೈಗಳ ಕಲ್ಲಿನ ದೇವಿ 11ನೇ ಶತಮಾನದವಳು. ಚಾಮರ ಆ ತಾಯಿಯನ್ನು ವಿಯೆತ್ ಜನ ಥಿಯೆನ್ ಯಿ ಆ ನಾ ಎಂದು ಕರೆದು ತಮ್ಮವಳನ್ನಾಗಿ ಮಾಡಿಕೊಂಡಿದ್ದಾರೆ. ಗೆದ್ದವರು ಸೋತವರ ದೇವಿಗೆ ಕೈಮುಗಿದ ಉದಾಹರಣೆ ಇದು.

ಉತ್ತರದಲ್ಲಿ ಸಾವಿರ ವರ್ಷದ ಚೀನೀ ಆಡಳಿತ 10ನೇ ಶತಮಾನದಲ್ಲಿ ಕೊನೆಗೊಂಡಿತು. 1009ರಿಂದ ಆಳಿದ ಲಿ ಮನೆತನ ಬೌದ್ಧ ಧರ್ಮವನ್ನು ಎತ್ತಿ ಹಿಡಿಯಿತು. 1057ರ, ಲಿ ಥಾನ್ ತೋಂಗ್ ಅರಸನ ಕಾಲಕ್ಕೆ ಸೇರಿದ, ಫಾತ್ ತಿಕ್ ದೇವಾಲಯದ ಅಮಿತಾಭ ಬುದ್ಧ ಈ ಯುಗದ ಶಿಖರ. ಒಂದೇ ಕಲ್ಲಿನಲ್ಲಿ ಕಡೆದ, ಕುಳಿತ ಬುದ್ಧ. ತಲೆ ತುಸು ಮುಂದೆ ಬಾಗಿದೆ. ಉತ್ತರೀಯದ ಮಡಿಕೆಗಳು ನೀರಿನ ತೆರೆಗಳ ಹಾಗೆ ಮಡಿಲಿಗೆ ಇಳಿದಿವೆ. ಕೆಳಗಿನ ಕಮಲದ ಒಂದೊಂದು ದಳದ ಮೇಲೂ ತೆಳ್ಳನೆಯ ಮೈ ಸುರುಳಿ ಸುತ್ತಿದ ನಾಗದಂಥ ಡ್ರ್ಯಾಗನ್. ಚೀನಾದ ಡ್ರ್ಯಾಗನ್ನಿನ ಗತ್ತು ಅದಕ್ಕಿಲ್ಲ, ಹೊಳೆಯ ಹರಿವಿದೆ. ಅದೇ ಆವರಣದಲ್ಲಿ ಡೋಲು ಬಾರಿಸುವ ಕಿನ್ನರಿ ಸಿಕ್ಕಿದ್ದಾಳೆ. ಕಂಬದ ಬುಡದ ಕಲ್ಲಿನಲ್ಲಿ ವಾದ್ಯಗಾರರ ಸಾಲಿದೆ. 1044ರ ದಂಡಯಾತ್ರೆಯಲ್ಲಿ ಚಂಪಾದಿಂದ ಸಾವಿರಾರು ಜನರನ್ನು ಸೆರೆ ತಂದಿದ್ದರು. ಚಾಮ್ ಶಿಲ್ಪದ ಪರಿಚಯ ಇಲ್ಲಿನ ಕೈಗಳಿಗೆ ಹತ್ತಿದ್ದು ಕಣ್ಣಿಗೆ ಕಾಣುತ್ತದೆ. ಫ್ರೆಂಚರ ವಿರುದ್ಧದ ಯುದ್ಧದಲ್ಲಿ ಆ ದೇವಾಲಯ ನೆಲಸಮವಾಯಿತು, ಬುದ್ಧನಿಗೂ ಪೆಟ್ಟಾಯಿತು. ಈಗ ಕಾಣುವುದು ಜೋಡಿಸಿ ಉಳಿಸಿಕೊಂಡ ಮೂರ್ತಿ. ಮುಂದಿನ ತ್ರಾನ್ ಮನೆತನದ ಕಾಲದ್ದು ಇನ್ನೂ ಬಿಗಿಯಾದ ಕೈ. 1264ರಲ್ಲಿ ತೀರಿಕೊಂಡ, ಆ ಮನೆತನದ ಮುಖಂಡ ತ್ರಾನ್ ಥು ದೋ ಸಮಾಧಿಯ ಕಲ್ಲಿನ ಹುಲಿ ಮಲಗಿದ್ದರೂ ಎದ್ದೇಳುವ ಹಾಗಿದೆ.

ಬುದ್ಧ ಭಾರತದಿಂದ ನೇರವಾಗಿಯೂ ಬಂದ ಎಂಬುದಕ್ಕೆ ಹನೋಯ್ ಸಮೀಪದ ದೌ ದೇವಾಲಯದ ಐತಿಹ್ಯವಿದೆ. ಭಾರತದಿಂದ ಬಂದ ಭಿಕ್ಷು, ಮಾನ್ ನುವಾಂಗ್ ಎಂಬ ಹುಡುಗಿ, ಹೊಳೆಯಲ್ಲಿ ತೇಲಿಬಂದ ಮರ ಇವರ ಕಥೆ ಅದು. ಆ ಮರದಿಂದ ನಾಲ್ಕು ಮೂರ್ತಿಗಳಾದವು: ಮೋಡ, ಮಳೆ, ಗುಡುಗು, ಮಿಂಚು. ನಾಲ್ವರೂ ಬುದ್ಧರು, ನಾಲ್ವರೂ ಹೆಂಗಸರು. ಭತ್ತದ ರೈತ ತನಗೆ ಬೇಕಾದ ದೇವರನ್ನು ಬೌದ್ಧ ಧರ್ಮದಿಂದಲೇ ಹೇಗೆ ಕಡೆದುಕೊಂಡ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

17, 18ನೇ ಶತಮಾನಗಳು ಮರದ ಕಾಲ. ಮೂರ್ತಿಗೆ ಹಲಸಿನ ಮರವೇ ಆಗಬೇಕು: ಹದವಾದ ಗಟ್ಟಿ, ಬೇಗ ಬಿರುಕು ಬಿಡದು, ಬಣ್ಣವೂ ಬಂಗಾರದ್ದು. ಕೆತ್ತನೆ ಮುಗಿದರೆ ಅರ್ಧ ಕೆಲಸವಷ್ಟೇ ಆದಂತೆ. ಸೋನ್ ಎಂಬ ಮರಕ್ಕೆ ಗಾಯ ಮಾಡಿ ಇಳಿಸಿದ ಹಾಲಿಗೆ ಮರದ ಹೊಟ್ಟು, ನುಣುಪು ಮಣ್ಣು ಬೆರೆಸಿ ಸಂದುಗಳನ್ನೆಲ್ಲ ಮೆತ್ತುತ್ತಾರೆ. ಒಂದು ಲೇಪ ಒಣಗಿದ ಮೇಲೆ ನೀರು ಹಾಕಿ ಕಲ್ಲಿನಿಂದ ಉಜ್ಜಿ, ಮತ್ತೊಂದು ಲೇಪ. ಈ ಹಾಲು ಬಿಸಿಲಲ್ಲಿ ಒಣಗುವುದಿಲ್ಲ. ತೇವದ ಗಾಳಿಯಲ್ಲೇ ಗಟ್ಟಿಯಾಗುತ್ತದೆ. ಹೀಗೆ ಲೇಪದ ಮೇಲೆ ಲೇಪ ಕೂತು, ಕೆಂಪು ಬಂದು, ಕೊನೆಗೆ ಬೆಳ್ಳಿಯ ಇಲ್ಲವೇ ಚಿನ್ನದ ರೇಕು ಅಂಟುತ್ತದೆ. ರೇಕು ಬಡಿಯುವುದಕ್ಕೆ ಹನೋಯ್ ಪಕ್ಕದ ಕಿಯೇವ್ ಕಿ, ಮೂರ್ತಿ ಕೆತ್ತುವುದಕ್ಕೆ ಸೋನ್ ದೋಂಗ್, ಎರಕಕ್ಕೆ ಙೂ ಸಾ ಎಂದು ಊರುಗಳೇ ಕಸುಬಿಗೆ ಹೆಸರಾಗಿವೆ. ಹನೋಯ್‌ನ ಕ್ವಾನ್ ಥಾನ್ ಗುಡಿಯಲ್ಲಿ ಕುಳಿತಿರುವ ಸುಮಾರು ನಾಲ್ಕು ಟನ್ನಿನ ಕಪ್ಪು ಕಂಚಿನ ತ್ರಾನ್ ವೂ ದೇವರ ಮೂರ್ತಿ 1677ರ ಎರಕ.

ಬುತ್ ಥಾಪ್ ದೇವಾಲಯದ ಸಾವಿರ ಕೈ, ಸಾವಿರ ಕಣ್ಣಿನ ಅವಲೋಕಿತೇಶ್ವರಿ 1656ರದು. 11 ತಲೆ, 42 ದೊಡ್ಡ ಕೈ. ಹಿಂದೆ ಪ್ರಭಾವಳಿಯಂತೆ ಹರಡಿದ ನೂರಾರು ಸಣ್ಣ ಕೈಗಳಲ್ಲಿ ಅಂಗೈಗೊಂದು ಕಣ್ಣು. ಪೀಠದ ಮೇಲೆ ಕೆತ್ತಿದವನ ಕುಲನಾಮ ಇದೆ: ತ್ರುವಾಂಗ್. ಹೆಸರು ಉಳಿಸಿಹೋದ ಶಿಲ್ಪಿಗಳು ಆ ನಾಡಿನಲ್ಲಿ ತೀರ ವಿರಳ, ಅದಕ್ಕೇ ಈ ಒಂದು ಹೆಸರಿಗೆ ಅಷ್ಟು ಬೆಲೆ.

ಆದರೂ ದೇವಾಲಯಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ತೈ ಫುವಾಂಗ್ ಬೆಟ್ಟದ ದೇವಾಲಯದ ಮೂರ್ತಿಗಳನ್ನು ಆರಿಸುತ್ತೇನೆ. ತೈ ಸೋನ್ ಮನೆತನದ ಆಳ್ವಿಕೆಯಲ್ಲಿ, 1794ರಲ್ಲಿ ಆ ದೇವಾಲಯವನ್ನು ಹೊಸದಾಗಿ ಕಟ್ಟಿದರು. ಅಲ್ಲಿನ 18 ಮೂರ್ತಿಗಳನ್ನು ಜನ ಅರ್ಹಂತರೆಂದು ಕರೆಯುತ್ತಾರೆ. ಬುದ್ಧನ ನಂತರ ಬಂದ ಭಾರತದ ಗುರುಪರಂಪರೆ ಇದು ಎನ್ನುವ ವಿದ್ವಾಂಸರೂ ಇದ್ದಾರೆ. ಯಾರೇ ಇರಲಿ, ಮುಖಗಳು ಮಾತ್ರ ಕೆಂಪು ನದಿಯ ಬಯಲಿನವು. ಒಬ್ಬ ಮುದುಕ ಕೋಲು ಹಿಡಿದಿದ್ದಾನೆ. ಕೆನ್ನೆ ಒಳಹೋಗಿದೆ, ಕೊರಳ ನರ ಎದ್ದಿದೆ, ಗೆಣ್ಣುಗಳು ಗಂಟುಗಂಟಾಗಿವೆ. ಸಂತೆಯಲ್ಲಿ ಸಿಗಬಹುದಾದ ಯಾವನೋ ಅಜ್ಜ ಅವನು. ಇನ್ನೊಬ್ಬನ ಹುಬ್ಬು ಗಂಟಿಕ್ಕಿದೆ, ಮತ್ತೊಬ್ಬ ನಗುತ್ತಿದ್ದಾನೆ. ಜೊತೆಗೆ ತಪಸ್ಸಿನಲ್ಲಿ ಒಣಗಿದ ಶಾಕ್ಯಮುನಿಯೂ ಇದ್ದಾನೆ, ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದು. ದಶಕಗಟ್ಟಲೆ ಯುದ್ಧ, ದಂಗೆ, ಬರಗಳನ್ನು ಕಂಡ ಶತಮಾನವೊಂದು ಅದರ ಕೊನೆಯಲ್ಲಿ ಈ ಮುಖಗಳನ್ನು ಕೆತ್ತಿತು. ಮುಕ್ತಿ ಪಡೆದವರ ಮುಖದಲ್ಲಿ ಹಸಿವಿನ ಗುರುತನ್ನು ಉಳಿಸಿದ ಶಿಲ್ಪಿಯ ಪ್ರಾಮಾಣಿಕತೆ ದೊಡ್ಡದು.

ದೇವಾಲಯದ ಹೊರಗೆ ಶಿಲ್ಪಿ ಇನ್ನೂ ಸ್ವತಂತ್ರನಾಗಿದ್ದ. ಊರಿನ ರಕ್ಷಕ ದೇವತೆಯ ಪೂಜೆ, ಪಂಚಾಯಿತಿ, ಹಬ್ಬದೂಟ ಮೂರಕ್ಕೂ ಒಂದೇ ಆದ ಊರಮನೆಗೆ ಅಲ್ಲಿ 'ದಿನ್' ಎನ್ನುತ್ತಾರೆ. 16ರಿಂದ 18ನೇ ಶತಮಾನದವರೆಗೆ ಕಟ್ಟಿದ ತೈ ದಾಂಗ್, ಚು ಕುಯೆನ್, ಹುವಾಂಗ್ ಕಾನ್, ದಿನ್ ಬಾಂಗ್ ಊರಮನೆಗಳ ತೊಲೆ, ಬೋದಿಗೆಗಳ ಮೇಲೆ ಇಡೀ ಹಳ್ಳಿಯೇ ಇದೆ. ಕುಸ್ತಿ ಆಡುವವರು, ದೋಣಿ ಹುಟ್ಟು ಹಾಕುವವಳು, ಹುಲಿಯೊಂದಿಗೆ ಸೆಣಸುವವನು, ಹೆಂಡ ಕುಡಿಯುವವರು. ತೈ ದಾಂಗ್‌ನ ಒಂದು ಕೆತ್ತನೆಯಲ್ಲಿ ಮನುಷ್ಯನೊಬ್ಬ ಅಡ್ಡೆಯ ಎರಡೂ ಬುಟ್ಟಿಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೊರಟಿದ್ದಾನೆ. ಕೆಲವು ಕಡೆ ಗಂಡುಹೆಣ್ಣುಗಳ ಸರಸವಿದೆ, ಬೆತ್ತಲೆ ಸ್ನಾನವಿದೆ. ಕನ್‌ಫ್ಯೂಶಿಯಸ್ ನೀತಿಯನ್ನು ಆಸ್ಥಾನ ಕಟ್ಟುನಿಟ್ಟಾಗಿ ಹೇರುತ್ತಿದ್ದ ಕಾಲದಲ್ಲೇ ದೇವರ ತಲೆಯ ಮೇಲೆ ಇದೆಲ್ಲ ನಡೆದಿದೆ. ಅರಸನ ಕಾನೂನು ಹಳ್ಳಿಯ ಕಟ್ಟಳೆಗೆ ಸೋಲುತ್ತದೆ ಎಂಬುದು ಅಲ್ಲಿನ ಗಾದೆ. ಈ ತೊಲೆಗಳು ಅದನ್ನು ಸಾಬೀತು ಮಾಡುತ್ತವೆ. ಎಷ್ಟೋ ಕಡೆ ಬಡಗಿಗಳ ಎರಡು ತಂಡ ಪೈಪೋಟಿಯಲ್ಲಿ ಆಚೆ ಅರ್ಧ, ಈಚೆ ಅರ್ಧ ಕಟ್ಟುತ್ತಿದ್ದವು. ಅದಕ್ಕೇ ಎಡದ ಕೆತ್ತನೆಗೂ ಬಲದ ಕೆತ್ತನೆಗೂ ಹೊಂದಾಣಿಕೆ ಇಲ್ಲ, ಎರಡಕ್ಕೂ ಹುರುಪಿದೆ. ವಿಯೆಟ್ನಾಂ ಶಿಲ್ಪದ ನಿಜವಾದ ಎತ್ತರ ಇಲ್ಲಿದೆ.

ಮಧ್ಯ ಎತ್ತರಪ್ರದೇಶದ ಜರಾಯ್, ಬಾನಾರ್ ಬುಡಕಟ್ಟುಗಳ ಪದ್ಧತಿ ಎಲ್ಲಕ್ಕಿಂತ ಬೇರೆ. ಸತ್ತವರನ್ನು ಕೊನೆಯದಾಗಿ ಬೀಳ್ಕೊಡುವ ಪೊ ಥಿ ಹಬ್ಬಕ್ಕೆ ಸಮಾಧಿಯ ಸುತ್ತ ಮರದ ಮೂರ್ತಿಗಳನ್ನು ನಿಲ್ಲಿಸುತ್ತಾರೆ: ಮುಖ ಕೈಯಲ್ಲಿ ಹುದುಗಿಸಿ ಅಳುವವರು, ಬಸುರಿ ಹೆಂಗಸು, ಕೂಡುವ ಜೋಡಿ. ಕೊಡಲಿ, ಬಾಚಿ, ಮಚ್ಚುಗಳ ಒರಟು ಹೊಡೆತದಲ್ಲಿ ಮೂಡುವ ಕೆಲಸ. ಹಬ್ಬ ಮುಗಿದ ಮೇಲೆ ಸಮಾಧಿಯ ಕಡೆ ಯಾರೂ ಹೋಗುವುದಿಲ್ಲ. ಮಳೆಗೆ ಮೂರ್ತಿ ಕೊಳೆಯುತ್ತದೆ, ಕೊಳೆಯಲೆಂದೇ ಬಿಟ್ಟಿರುತ್ತಾರೆ. ಇಂಥದ್ದನ್ನು ಸಂಗ್ರಹಾಲಯದಲ್ಲಿ ಕೂಡಿಹಾಕಿ ಉಳಿಸುವುದು ಹೇಗೆ? ಮೂರ್ತಿಯನ್ನು ಉಳಿಸಬಹುದು, ಉಳಿಯಬೇಕಾದದ್ದು ಹಬ್ಬ. ಮರದ ಅಭಾವ, ಕಾಡು ಕಳೆದುಕೊಂಡ ಬದುಕು, ಸಿಮೆಂಟಿನ ಸಮಾಧಿ ಈ ಮೂರೂ ಸೇರಿ ಅದನ್ನು ಹಿಂಡುತ್ತಿವೆ.

ಆಧುನಿಕ ಅಧ್ಯಾಯ ಚಿಕ್ಕದು. 1925ರಲ್ಲಿ ಹನೋಯ್‌ನಲ್ಲಿ ಬಾಗಿಲು ತೆರೆದ ಇಂಡೋಚೈನಾ ಕಲಾಶಾಲೆಯಿಂದ ಪಾಶ್ಚಾತ್ಯ ರೀತಿಯಲ್ಲಿ ಕಲಿತ ಮೊದಲ ಪೀಳಿಗೆ ಬಂತು. ಅಲ್ಲಿ ಕಲಿತ ವು ಕಾವ್ ದಾಮ್ 1931ರಲ್ಲಿ ಫ್ರಾನ್ಸಿಗೆ ಹೋದರು. ನ್ಗುಯೆನ್ ಥಿ ಕಿಮ್ 1946ರಲ್ಲಿ ಹೊ ಚಿ ಮಿನ್ ಅವರನ್ನು ಎದುರಿಗೆ ಕಂಡು ಅವರ ಮುಖಶಿಲ್ಪ ಮಾಡಿದರು. ಈ ಪೀಳಿಗೆಯ ನಂತರದವರಲ್ಲಿ ನನಗೆ ಎಲ್ಲರಿಗಿಂತ ಮೇಲಾಗಿ ಕಾಣುವವರು ಹ್ವೆ ನಗರ ಮೂಲದ ದಿಯೆಮ್ ಫುಂಗ್ ಥಿ. ದಂತವೈದ್ಯೆಯಾಗಿ ಫ್ರಾನ್ಸಿನಲ್ಲಿದ್ದ ಅವರು ನಡುವಯಸ್ಸಿನಲ್ಲಿ ಶಿಲ್ಪಕ್ಕೆ ಬಂದರು. ಏಳೇ ಏಳು ಆಕಾರಗಳನ್ನು ಅಕ್ಷರಗಳಂತೆ ಕೂಡಿಸಿ ತಮ್ಮ ಶಿಲ್ಪಲೋಕವನ್ನೇ ಕಟ್ಟಿದರು. ಅವರ ಕೃತಿಗಳಿಗೆ ಹ್ವೆಯಲ್ಲಿ ಮೀಸಲಾದ ಸಂಗ್ರಹಾಲಯವಿದೆ. ಇನ್ನು ಯುದ್ಧದ ನಂತರದ ಸ್ಮಾರಕಗಳು. 2004ರಲ್ಲಿ ದಿಯೆನ್ ಬಿಯೆನ್ ಫುವಿನಲ್ಲಿ ನಿಲ್ಲಿಸಿದ 220 ಟನ್ ಕಂಚಿನ ಸ್ಮಾರಕ ಕೆಲವೇ ಕಾಲದಲ್ಲಿ ಹಾಳಾಗತೊಡಗಿತು. ಕಾಮಗಾರಿಯಲ್ಲಿ ಅಕ್ರಮ ನಡೆದದ್ದು ಬಯಲಾಯಿತು. ಯುದ್ಧದಲ್ಲಿ ಒಂಬತ್ತು ಗಂಡುಮಕ್ಕಳನ್ನು ಕಳೆದುಕೊಂಡ ತಾಯಿ ಥು ಅವರ ಮುಖವನ್ನೇ ಮಾದರಿಯಾಗಿಟ್ಟುಕೊಂಡು 2015ರಲ್ಲಿ ತಾಮ್ ಕಿ ಬಳಿ ಎದ್ದ ಬೃಹತ್ ಸ್ಮಾರಕದ ಖರ್ಚಿನ ಬಗ್ಗೆ ಪತ್ರಿಕೆಗಳಲ್ಲಿ ಬಿಸಿ ಚರ್ಚೆಯಾಯಿತು. ಶೋಕವನ್ನು ಗಾತ್ರದಿಂದ ಅಳೆಯುವ ಈ ರೀತಿ ಆ ನಾಡಿನ ಪರಂಪರೆಗೆ ಒಗ್ಗದು. ಅಂಗೈಯಲ್ಲಿ ಮುಖ ಹುದುಗಿಸಿದ ಜರಾಯ್ ಮೂರ್ತಿ ಅದಕ್ಕಿಂತ ಹೆಚ್ಚು ಹೇಳುತ್ತದೆ.

ಉಳಿಸುವ ಪ್ರಶ್ನೆಗೆ ಎರಡು ಮುಖ. 1969ರ ಆಗಸ್ಟಿನಲ್ಲಿ ಅಮೆರಿಕದ ಬಾಂಬುಗಳಿಗೆ ಮಿ ಸೋನ್‌ನ ಅತಿ ದೊಡ್ಡ ಗುಡಿ ಎ-1 ಉರುಳಿತು. ಯುದ್ಧ ಮುಗಿದ ಮೇಲೆ ಪೋಲೆಂಡಿನ ವಾಸ್ತುಶಿಲ್ಪಿ ಕಾಜಿಮಿಯೆಜ್ ಕ್ವಿಯಾಟ್ಕೋವ್ಸ್ಕಿ ವರ್ಷಗಟ್ಟಲೆ ಅಲ್ಲಿ ದುಡಿದು, 1997ರಲ್ಲಿ ವಿಯೆಟ್ನಾಮಿನಲ್ಲೇ ತೀರಿಕೊಂಡರು. 1999ರಲ್ಲಿ ಮಿ ಸೋನ್ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2017ರಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಎ, ಎಚ್, ಕೆ ಗುಂಪಿನ ಗುಡಿಗಳನ್ನು ದುರಸ್ತಿ ಮಾಡಿತು. 2020ರಲ್ಲಿ ಆ ಕೆಲಸದ ನಡುವೆ 9ನೇ ಶತಮಾನದ ಏಕಶಿಲಾ ಶಿವಲಿಂಗ ಬೆಳಕಿಗೆ ಬಂತು. ಕಳವಾಗಿ ಹೊರದೇಶ ಸೇರಿದ್ದ ಚಂಪಾದ ಕಂಚಿನ ದುರ್ಗೆಯೂ ಬ್ರಿಟನ್ನಿನಿಂದ ವಾಪಸಾಗಿ 2024ರಲ್ಲಿ ಹನೋಯ್ ತಲುಪಿದಳು. ಹೊರಗಿನ ಹಾನಿಗೆ ಹೀಗೆ ಪರಿಹಾರ ಹುಡುಕಬಹುದು. ಕಷ್ಟವಿರುವುದು ಭಕ್ತಿಯಿಂದಾಗುವ ಹಾನಿಯಲ್ಲಿ. ದಾನಿಗಳ ಹಣ ಬಂತೆಂದು ಹಳೆಯ ಮೂರ್ತಿಗೆ ಕಾರ್ಖಾನೆಯ ಬಣ್ಣ ಬಳಿಯುವುದು, ಹಳೆಯ ತೊಲೆ ಕಿತ್ತು ಹೊಸದನ್ನು ಏರಿಸುವುದು ಹಳ್ಳಿಹಳ್ಳಿಯಲ್ಲಿ ನಡೆದಿದೆ. 2012ರಲ್ಲಿ ಹನೋಯ್ ಹೊರವಲಯದ ತ್ರಾಮ್ ಜಾನ್ ದೇವಾಲಯದ ಭಾಗಗಳನ್ನು ಅನುಮತಿಯಿಲ್ಲದೆ ಕೆಡವಿ ಕಟ್ಟಿದಾಗ ದೇಶವೇ ಗದ್ದಲವೆಬ್ಬಿಸಿತು. ಅದೇ ವರ್ಷ ಸರ್ಕಾರ ರಾಷ್ಟ್ರೀಯ ನಿಧಿಗಳ ಮೊದಲ ಪಟ್ಟಿ ಹೊರಡಿಸಿತು. ನ್ಗೊಕ್ ಲು ಭೇರಿ, ದೋಂಗ್ ದುವಾಂಗ್‌ನ ತಾರೆ, ಫಾತ್ ತಿಕ್ ಬುದ್ಧ, ಬುತ್ ಥಾಪ್ ಮೂರ್ತಿ ಇಂಥವುಗಳಿಗೆ ಆ ಮಾನ ಸಿಕ್ಕಿದೆ. ಪಟ್ಟಿಯಲ್ಲಿಲ್ಲದ ಸಾವಿರಾರು ತೊಲೆಗಳನ್ನು ಕಾಯುವವರು ಆಯಾ ಊರಿನವರೇ ಆಗಬೇಕು, ಬೇರೆ ದಾರಿಯಿಲ್ಲ.

ಈಚೆಗೆ ನಮ್ಮ ಊರುಗಳಿಂದ ವಿಯೆಟ್ನಾಂ ಪ್ರವಾಸಕ್ಕೆ ಹೋಗಿಬರುವವರು ಹೆಚ್ಚಾಗಿದ್ದಾರೆ. ಮಿ ಸೋನ್‌ನಲ್ಲಿ ಶಿವನಿಗೆ ಕೈಮುಗಿಯಿರಿ, ತಪ್ಪೇನಿಲ್ಲ. ಆದರೆ ಹನೋಯ್‌ಗೆ ಹೋದಾಗ ಅಂಗಡಿಬೀದಿಯ ಅರ್ಧ ದಿನವನ್ನು ಕಡಿಮೆ ಮಾಡಿ, ಪಶ್ಚಿಮಕ್ಕೆ 40 ಕಿ.ಮೀ. ಒಳಗಿರುವ ತೈ ಫುವಾಂಗ್‌ಗೆ ಹೋಗಿ. ಇನ್ನೂರಕ್ಕೂ ಹೆಚ್ಚು ಮುರಕಲ್ಲಿನ ಮೆಟ್ಟಿಲು ಹತ್ತಬೇಕು. ಒಳಗೆ ಬೆಳಕು ಕಡಿಮೆ, ಆದ್ದರಿಂದ ಬೆಳಗಿನ ಹೊತ್ತೇ ಒಳ್ಳೆಯದು.